ಒಂದು ಲೋಟ ನೀರಿಗೆ ಎಷ್ಟು ಶಾಸ್ತ್ರ ಬೇಕು?

(ನನ್ನಿವಾಳದಲ್ಲಿ ಸೇರಿದ್ದ ಪಾಲಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಕಾಲೇಜಿನ ವಿದ್ಯಾಭ್ಯಾಸದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಮೆಟ್ರಿಕ್ ಮುಗಿಸಿದವನು. ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಹತ್ತಿದವನಲ್ಲ. ಕೆಲವು ವರ್ಷ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಪದವಿ ಇಲ್ಲದವನಿಗೆ ಪದವಿಯ ಪಾಠಕ್ರಮದ ಉಸಾಬರಿ ಏಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ಅಡುಗೆ ಮಾಡಲು ಬಾರದವನಿಗೂ ಅನ್ನ ಬೆಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅದರಲ್ಲಿಯೂ ಆ ಅನ್ನಕ್ಕೆ ಅಕ್ಕಿ ಕೊಟ್ಟವರು ನಾವೇ ಆದಾಗ ಕೇಳುವ ಹಕ್ಕು ನಮಗೆ ಇದ್ದೇ ಇದೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನಾನು ಮೇಷ್ಟರಾಗಿದ್ದಾಗ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕುರಿ ಕಾಯುವವರ ಮನೆಯ ಮಗ, ಚುರುಕಾದವನು. ಅವನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳಿದ್ದವು. ಒಂದು ದಿನ ಶುಚಿತ್ವದ ಪಾಠ ಹೇಳುತ್ತಿದ್ದೆ. ಅವನನ್ನು ಎದ್ದು ನಿಲ್ಲಿಸಿ, “ನೋಡಿ, ಹಲ್ಲುಜ್ಜದಿದ್ದರೆ ಹೀಗಾಗುತ್ತದೆ” ಎಂದು ಇಡೀ ತರಗತಿಗೆ ತೋರಿಸಿದೆ. ಮಕ್ಕಳು ನಕ್ಕರು. ಹುಡುಗ ತಲೆ ತಗ್ಗಿಸಿ, “ದಿನಾ ಉಜ್ಜುತೀನಿ ಸಾ” ಎಂದ. ಸುಳ್ಳು ಬೇರೆ ಹೇಳುತ್ತೀಯ ಎಂದು ಗದರಿದೆ. ಅಂದಿನಿಂದ ಅವನು ತರಗತಿಯಲ್ಲಿ ಬಾಯಿ ಬಿಟ್ಟು ಮಾತಾಡಲಿಲ್ಲ; ನಗುವಾಗಲೂ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದ.

ಹುಡುಗ ಹೇಳಿದ್ದು ಸತ್ಯ. ಆ ಕಲೆ ಕೊಳೆಯಲ್ಲ. ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡಿನಿಂದ, ಹಲ್ಲು ಒಸಡಿನೊಳಗೆ ಬೆಳೆಯುವ ಎಳೆತನದಲ್ಲಿಯೇ ಆದ ಗುರುತು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಪಕ್ಷದ ಕೆಲಸಕ್ಕಾಗಿ ಊರೂರು ತಿರುಗಿ, ಅದೇ ಕಲೆಗಳನ್ನು ಹತ್ತಾರು ಮಕ್ಕಳ ಬಾಯಲ್ಲಿ ಕಂಡು ವೈದ್ಯರನ್ನು ವಿಚಾರಿಸಿದ ಮೇಲೆ.

ಫ್ಲೋರಿನ್ ಎಂಬ ಹೆಸರು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ವಿಜ್ಞಾನದ ಪುಸ್ತಕದಲ್ಲಿತ್ತು. ಹಲ್ಲಿನ ರಚನೆ ಗೊತ್ತಿರಲಿಲ್ಲವೆ? ಅದೂ ಇನ್ನೊಂದು ಪಾಠದಲ್ಲಿತ್ತು. ನಮ್ಮ ನೆಲದಡಿ ಇರುವುದು ಹಳೆಯ ಗಟ್ಟಿಕಲ್ಲು ಎಂಬುದು ಭೂಗೋಳದಲ್ಲಿತ್ತು. ಮೂರನ್ನೂ ನಾನೇ ಪಾಠ ಮಾಡಿದ್ದೆ, ಮೂರನ್ನೂ ಪರೀಕ್ಷೆಯಲ್ಲಿ ಕೇಳಿದ್ದೆ. ಆದರೆ ಮೂರೂ ಮೂರು ಗೋಣಿಚೀಲದಲ್ಲಿದ್ದವು, ಚೀಲದ ಬಾಯಿ ಕಟ್ಟಿತ್ತು. ಕಟ್ಟು ಬಿಚ್ಚದ ಆ ವಿದ್ಯೆಯಿಂದ ಒಂದು ಮಗುವಿಗೆ ಅವಮಾನವಾಯಿತು. ಈ ದಿನದ ನನ್ನ ಮಾತೆಲ್ಲ ಈ ಕಟ್ಟಿನ ಬಗ್ಗೆ.

ಮಿತ್ರರೆ, ಒಂದು ಲೋಟ ನೀರನ್ನು ಮುಂದಿಟ್ಟುಕೊಳ್ಳಿ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂದು ಹೇಳುವುದು ರಸಾಯನಶಾಸ್ತ್ರ. ಅದು ಕಲ್ಲಿನಿಂದ ಕರಗಿ ಬರುತ್ತದೆ, ನೀರು ಕಲ್ಲಿನ ಸಂದಿಯಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚುತ್ತದೆ ಎಂದು ಹೇಳುವುದು ಭೂಗರ್ಭಶಾಸ್ತ್ರ. ಮೊದಲು ಹಲ್ಲನ್ನು, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳನ್ನು ಹಿಡಿಯುತ್ತದೆ ಎನ್ನುವುದು ವೈದ್ಯಶಾಸ್ತ್ರ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ; ಇದು ಪ್ರತಿಯೊಬ್ಬ ತಾಯಿಗೂ ತಿಳಿದಿರಬೇಕಾದ ವಿಷಯ.

ಇಷ್ಟಕ್ಕೆ ಮುಗಿಯಿತೆ? ಇಲ್ಲ. ನಮ್ಮ ಅಜ್ಜಂದಿರು ಕೆರೆ ಬಾವಿಯ ನೀರು ಕುಡಿಯುತ್ತಿದ್ದರು. ನಾವು ನೂರಾರು ಅಡಿ ಕೆಳಗಿನ ನೀರು ಕುಡಿಯುತ್ತಿದ್ದೇವೆ. ನೀರು ಅಷ್ಟು ಕೆಳಕ್ಕೆ ಹೋದದ್ದು ಏಕೆ? ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೊಂದು. ಕೆರೆಗಳು ಹೂಳು ತುಂಬಿದವು. ಮಳೆ ನಂಬಿ ಶೇಂಗಾ ಹಾಕಿದವನು ಸಾಲಗಾರನಾದ. ಸಾಲ ತೀರಿಸಲು ಇನ್ನೊಂದು ಸಾಲ ಮಾಡಿ ಬೋರ್ ಕೊರೆಸಿದ. ಪಕ್ಕದವನು ಅದಕ್ಕಿಂತ ಆಳಕ್ಕೆ ಕೊರೆಸಿದ. ಇದು ಅರ್ಥಶಾಸ್ತ್ರ. ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳುವವರು ಯಾರು, ನಾಣ್ಯ ಉಳಿಸಲೆಂದು ಕೊಳಾಯಿಯ ನೀರನ್ನೇ ಕುಡಿಯುವವರು ಯಾರು, ಕ್ಯಾನು ಹೊತ್ತು ತರುವವರು ಮನೆಯಲ್ಲಿ ಯಾರು? ಇದು ಸಮಾಜಶಾಸ್ತ್ರ. ಘಟಕ ಕೆಟ್ಟು ನಿಂತರೆ ಯಾವ ಕಾಯಿದೆಯಡಿ, ಯಾರನ್ನು ಕೇಳಬೇಕು? ಇದು ರಾಜ್ಯಶಾಸ್ತ್ರ.

ಇನ್ನೂ ಒಂದು ಗಂಟಿದೆ. ಹಾಲು, ರಾಗಿ, ಸೊಪ್ಪು ಚೆನ್ನಾಗಿ ತಿನ್ನುವ ಮಗುವಿನ ಮೈಯಲ್ಲಿ ಸುಣ್ಣದಂಶ ಇರುತ್ತದೆ. ಅಂಥ ಮಗುವಿಗಿಂತ ಅರೆಹೊಟ್ಟೆಯ ಮಗುವನ್ನು ಈ ವಿಷ ಬೇಗ ಬಾಧಿಸುತ್ತದೆ. ಹಾಲು ಬೇಕಾದರೆ ದನ ಬೇಕು. ದನಕ್ಕೆ ಹುಲ್ಲು ಬೇಕು. ಹುಲ್ಲಿಗೆ ಕಾವಲು ಬೇಕು. ಹುಡುಗನ ಹಲ್ಲಿನಿಂದ ಹೊರಟವರು ಅಮೃತ ಮಹಲ್ ಕಾವಲಿಗೆ ಬಂದು ನಿಂತೆವು, ನೋಡಿ! ಹಲ್ಲಿಗೂ ಹುಲ್ಲಿಗೂ ಇರುವ ಈ ದಾರಿಯನ್ನು ಯಾವ ಒಂದು ಶಾಸ್ತ್ರವೂ ಒಂಟಿಯಾಗಿ ತೋರಿಸಲಾರದು.

ಪಂಡಿತರು ಇದನ್ನು ಅಂತರ್‌ಶಿಸ್ತೀಯ ಅಧ್ಯಯನ ಎಂದು ಕರೆಯುತ್ತಾರೆ. ಹೆಸರು ಭಾರ, ವಿಷಯ ಹಗುರ. ನಾನು ಇದನ್ನು ಕೂಡು-ಓದು ಎನ್ನುತ್ತೇನೆ. ಒಂದು ಪ್ರಶ್ನೆಯನ್ನು ನಡುವೆ ಇಟ್ಟು, ಅದಕ್ಕೆ ಬೇಕಾದ ಶಾಸ್ತ್ರಗಳನ್ನೆಲ್ಲ ಸುತ್ತ ಕೂಡಿಸಿ ಓದುವುದು.

ಇನ್ನು ನಮ್ಮ ಮಕ್ಕಳ ಕಾಲೇಜನ್ನು ನೋಡೋಣ. ನನ್ನಿವಾಳದ ಹುಡುಗಿಯೊಬ್ಬಳು ಬಸ್ಸು ಹಿಡಿದು ಪೇಟೆಯ ಕಾಲೇಜಿಗೆ ಹೋಗಿ ಅರ್ಜಿ ತುಂಬುತ್ತಾಳೆ. “ಯಾವ ಕಾಂಬಿನೇಷನ್?” ಎಂದು ಕೇಳುತ್ತಾರೆ. ಎಚ್.ಇ.ಪಿ. ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಪಿ.ಸಿ.ಎಂ. ಎಂದರೆ ಭೌತ, ರಸಾಯನ, ಗಣಿತ. ಸಿ.ಬಿ.ಝಡ್. ಎಂದರೆ ರಸಾಯನ, ಸಸ್ಯ, ಪ್ರಾಣಿ. ಆ ಮೂರು ಅಕ್ಷರ ಅವಳ ಹಣೆಬರಹವಾಗುತ್ತದೆ. ಎಚ್.ಇ.ಪಿ. ಹುಡುಗಿ ತನ್ನೂರಿನ ನೀರನ್ನು ಪರೀಕ್ಷೆ ಮಾಡುವುದನ್ನು ಕಲಿಯುವಂತಿಲ್ಲ. ಪಿ.ಸಿ.ಎಂ. ಹುಡುಗ ತನ್ನ ಅಪ್ಪನ ಸಾಲದ ಲೆಕ್ಕವನ್ನು ಪಾಠದಲ್ಲಿ ಕಾಣುವಂತಿಲ್ಲ. ಮೂರು ವಿಷಯಗಳಾದರೂ ಒಂದಕ್ಕೊಂದು ಮಾತಾಡುತ್ತವೆಯೆ? ಅದೂ ಇಲ್ಲ. ಗಂಟೆ ಬಾರಿಸಿದರೆ ಇತಿಹಾಸ ಹೊರಗೆ, ಅರ್ಥಶಾಸ್ತ್ರ ಒಳಗೆ.

ಇದು ಇಂದು ನಿನ್ನೆಯ ದೂರಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ನೇಮಕವಾಯಿತು. 1949ರ ತನ್ನ ವರದಿಯಲ್ಲಿ ಅದು, ಪದವಿ ವಿದ್ಯಾರ್ಥಿಗಳೆಲ್ಲರಿಗೂ ಸಾಮಾನ್ಯ ಶಿಕ್ಷಣ ಕೊಡಬೇಕು, ಕಲೆ ಓದುವವರು ವಿಜ್ಞಾನವನ್ನೂ ವಿಜ್ಞಾನ ಓದುವವರು ಮಾನವಿಕ ವಿಷಯಗಳನ್ನೂ ಅರಿಯಬೇಕು ಎಂದು ಶಿಫಾರಸು ಮಾಡಿತು. ಎಪ್ಪತ್ತೈದು ವರ್ಷ ದಾಟಿತು. ಶಿಫಾರಸು ಕಪಾಟಿನಲ್ಲಿದೆ, ಹುಡುಗಿ ಬಸ್ಸಿನಲ್ಲಿದ್ದಾಳೆ.

ಹಾಗಾದರೆ ಈ ಕೂಡು-ಓದು ಆಗದ ಮಾತೆ? ಆಗುವ ಮಾತೇ. ಎಲ್ಲಿ ಆಗಿದೆ ಎಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ನಮ್ಮ ತಾಲ್ಲೂಕಿನ ಕಾವಲಿನಲ್ಲಿ ಗೋಡೆ ಹಾಕಿಕೊಂಡಿರುವ ಸಂಸ್ಥೆಯೇ ಅದನ್ನು ಮಾಡಿ ತೋರಿಸಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿದ್ದು. ನೂರು ವರ್ಷ ಅದು ಮೇಲ್ಮಟ್ಟದ ಓದು, ಸಂಶೋಧನೆಗಷ್ಟೇ ಮೀಸಲಾಗಿತ್ತು. 2011ರಲ್ಲಿ ಮೊದಲ ಬಾರಿಗೆ ಪಿ.ಯು.ಸಿ. ಮುಗಿಸಿದವರಿಗೆ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ಅಲ್ಲಿ ಮೊದಲ ಒಂದೂವರೆ ವರ್ಷ ಯಾವ ವಿದ್ಯಾರ್ಥಿಯೂ ಒಂದೇ ಶಾಸ್ತ್ರಕ್ಕೆ ಕಟ್ಟುಬೀಳುವಂತಿಲ್ಲ. ಗಣಿತ, ಭೌತ, ರಸಾಯನ, ಜೀವಶಾಸ್ತ್ರ ಎಲ್ಲರಿಗೂ ಉಂಟು. ಜೊತೆಗೆ ಎಂಜಿನಿಯರಿಂಗೂ ಉಂಟು, ಮಾನವಿಕ ವಿಷಯಗಳೂ ಉಂಟು. ಅನಂತರವೇ ಒಂದನ್ನು ಆರಿಸಿ ಆಳಕ್ಕೆ ಇಳಿಯುವುದು. ನಾಲ್ಕನೆಯ ವರ್ಷ ಸ್ವಂತ ಸಂಶೋಧನೆ. ಅಗಲವೂ ಉಂಟು, ಆಳವೂ ಉಂಟು. ಇದನ್ನು ನಾನು ಮೆಚ್ಚುತ್ತೇನೆ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ.

ಅದೇ ಸಂಸ್ಥೆಗೆ ನಮ್ಮ ಕುದಾಪುರದ ಕಾವಲಿನಲ್ಲಿ ಸುಮಾರು 1500 ಎಕರೆ ಕೊಟ್ಟರು. ರಕ್ಷಣಾ ಸಂಶೋಧನಾ ಸಂಸ್ಥೆಗೆ ಸುಮಾರು 4290 ಎಕರೆ. ಅಣುಶಕ್ತಿಯವರಿಗೆ, ಬಾಹ್ಯಾಕಾಶದವರಿಗೆ ಬೇರೆ ಪಾಲು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯ ದನಗಳಿಗೆ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಹೊತ್ತ ದನಗಳಿಗೆ ಮೇವಾಗಿದ್ದ ನೆಲ. ನಮ್ಮ ಕುರಿ, ದನಗಳು ತಲೆಮಾರುಗಳಿಂದ ಮೇಯ್ದ ನೆಲ. ಗೋಡೆಗಳೆದ್ದವು. ವ್ಯಾಜ್ಯ ಹಸಿರು ನ್ಯಾಯಾಧಿಕರಣಕ್ಕೆ ಹೋಯಿತು. ಸ್ಥಳ ನೋಡಲು ಸತ್ಯಶೋಧನೆಯ ಸಮಿತಿ ಬಂತು. 2014ರಲ್ಲಿ ತೀರ್ಪೂ ಬಂತು, ಷರತ್ತುಗಳ ಮೇಲೆ ಕಾಮಗಾರಿ ಮುಂದುವರಿಯಿತು. 2017ರಲ್ಲಿ ವಿಮಾನ ಪರೀಕ್ಷಾ ನೆಲೆಯ ಉದ್ಘಾಟನೆಯಾಯಿತು.

ಆ ವ್ಯಾಜ್ಯದ ಸಂಗತಿಯನ್ನು ಸ್ವಲ್ಪ ಯೋಚಿಸಿ. ಕಾವಲಿನ ಪರ ವಾದ ಮಾಡಲು ಏನು ಬೇಕಿತ್ತು? ಹುಲ್ಲುಗಾವಲೆಂದರೆ ಬರಡಲ್ಲ, ಅದೊಂದು ಜೀವಂತ ವ್ಯವಸ್ಥೆ ಎಂದು ತೋರಿಸುವ ಜೀವಶಾಸ್ತ್ರ ಬೇಕಿತ್ತು. ಕಾವಲಿನ ದಾಖಲೆ ಓದುವ ಇತಿಹಾಸ ಬೇಕಿತ್ತು. ಎಷ್ಟು ಕುರಿ, ಎಷ್ಟು ಉಣ್ಣೆ, ಎಷ್ಟು ಕಂಬಳಿ, ಎಷ್ಟು ಮನೆಯ ಅನ್ನ ಎಂಬ ಲೆಕ್ಕ ಬೇಕಿತ್ತು. ಕಾಯಿದೆ ಬೇಕಿತ್ತು. ಯಾವ ತಿಂಗಳು ಯಾವ ಹುಲ್ಲು ಏಳುತ್ತದೆ ಎಂಬ ಕುರಿಗಾರನ ಅರಿವು ಬೇಕಿತ್ತು. ಇದೆಲ್ಲವನ್ನೂ ಒಂದು ಕಡೆ ಕೂಡಿಸಿ, ಅಧಿಕಾರಿಯ ಮುಂದೆ ಕನ್ನಡದಲ್ಲಿ ನಿಂತು ಹೇಳಬಲ್ಲ ಪದವೀಧರರು ಇಲ್ಲಿಯ ಹಳ್ಳಿಹಳ್ಳಿಯಲ್ಲಿ ಇದ್ದಿದ್ದರೆ? ಹೊರಗಿನಿಂದ ಬಂದು ನೆರವಾದ ಪುಣ್ಯಾತ್ಮರಿಗೆ ನಮಸ್ಕಾರ. ಆದರೆ ನಮ್ಮ ಮಾತನ್ನು ಎಷ್ಟು ದಿನ ಬೇರೆಯವರು ಆಡಬೇಕು? ಬುದ್ಧಿಯನ್ನು ಬೇರೆಬೇರೆ ಚೀಲದಲ್ಲಿ ಕಟ್ಟಿಟ್ಟ ವಿದ್ಯೆಯಿಂದ ನಮ್ಮ ಹುಡುಗರಿಗೆ ಪದವಿ ಬಂತು, ಬಾಯಿ ಬರಲಿಲ್ಲ.

2023ರ ಏಪ್ರಿಲ್ 2ರ ಬೆಳಿಗ್ಗೆ ಅದೇ ನೆಲೆಯಲ್ಲಿ ಏನಾಯಿತೆಂದು ನಿಮಗೆ ನೆನಪಿರಬಹುದು. ಬಾಹ್ಯಾಕಾಶ ಸಂಸ್ಥೆಯವರು ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟರು. ಒಳಗೆ ಮನುಷ್ಯರಿಲ್ಲ, ತಾನೇ ದಾರಿ ಹಿಡಿದು ಬಂದು ಓಡುದಾರಿಯ ಮೇಲೆ ಇಳಿಯಿತು. ಗಾಳಿಯ ಶಾಸ್ತ್ರ, ಲೋಹದ ಶಾಸ್ತ್ರ, ಗಣಿತ, ಕಂಪ್ಯೂಟರು, ವಿದ್ಯುತ್ತು ಎಲ್ಲ ಕೂಡಿ ಕೆಲಸ ಮಾಡಿದ್ದರಿಂದ ಇಳಿಯಿತು. ಆಕಾಶದಿಂದ ವಾಹನ ಇಳಿಸಲು ಹತ್ತು ಶಾಸ್ತ್ರ ಕೂಡಬಹುದಾದರೆ, ಅದೇ ತಾಲ್ಲೂಕಿನ ಮಗುವಿನ ಬಾಯಿಗೆ ಒಳ್ಳೆಯ ನೀರು ಇಳಿಸಲು ಕೂಡಬಾರದೆ? ಗೋಡೆಯ ಒಳಗೆ ಶಾಸ್ತ್ರಗಳಿಗೆ ಗೋಡೆಯಿಲ್ಲ. ಗೋಡೆಯ ಹೊರಗೆ ನಮ್ಮ ಮಕ್ಕಳಿಗೆ ಶಾಸ್ತ್ರಕ್ಕೊಂದು ಗೋಡೆ. ಇದನ್ನು ನಾನು ಅನ್ಯಾಯವೆನ್ನುತ್ತೇನೆ.

ಸರ್ಕಾರ ಪ್ರಯತ್ನ ಮಾಡಲಿಲ್ಲವೆ ಎಂದು ಕೇಳುವಿರಿ. ಮಾಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಕರ್ನಾಟಕ ಎಲ್ಲರಿಗಿಂತ ಮೊದಲು ಜಾರಿಗೆ ತಂದಿತು. ಪದವಿ ನಾಲ್ಕು ವರ್ಷಕ್ಕೆ ಹಿಗ್ಗಿತು. ಪ್ರತಿಯೊಬ್ಬರೂ ಬೇರೆ ವಿಭಾಗದ ಒಂದು ಮುಕ್ತ ಆಯ್ಕೆಯ ವಿಷಯ ಓದಬೇಕೆಂದರು. ಕಾಗದದ ಮೇಲೆ ಚೆನ್ನ. ಆದರೆ ಸರ್ಕಾರಿ ಕಾಲೇಜುಗಳಲ್ಲಿ ಪಾಠ ನಡೆಯುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಇರುವ ವಿಷಯಕ್ಕೇ ಖಾಯಂ ಅಧ್ಯಾಪಕರಿಲ್ಲದ ಕಡೆ ಆಯ್ಕೆಗೆ ಎಲ್ಲಿಂದ ತರುವುದು? ಯಾರು ಸಿಕ್ಕರೋ ಅವರ ವಿಷಯವೇ ಹುಡುಗರ “ಮುಕ್ತ ಆಯ್ಕೆ”. ಒಂದು ವಿಷಯದ ಪಕ್ಕ ಇನ್ನೊಂದು ವಿಷಯ ಇಟ್ಟರೇ ಹೊರತು ಎರಡನ್ನೂ ಬೆಸೆಯಲಿಲ್ಲ. ನಾಲ್ಕನೆಯ ವರ್ಷವೆಂದರೆ ಕೂಲಿಯ ಮನೆಗೆ ಇನ್ನೊಂದು ವರ್ಷದ ದುಡಿಮೆ ಖೋತಾ. 2024ರ ಮೇ ತಿಂಗಳಲ್ಲಿ ಹೊಸ ಸರ್ಕಾರ, ತಾನು ನೇಮಿಸಿದ್ದ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ, ಮೂರು ವರ್ಷದ ಪದವಿಗೆ ಮರಳಿತು.

ಮೂರು ವರ್ಷಕ್ಕೆ ಮರಳಿದ್ದರಲ್ಲಿ ಬಡವರಿಗೆ ನ್ಯಾಯವಿದೆ. ಅದನ್ನು ನಾನು ವಿರೋಧಿಸುವುದಿಲ್ಲ. ಆದರೆ ಮಗುವನ್ನು ಮೀಯಿಸಿದ ನೀರು ಚೆಲ್ಲುವಾಗ ಮಗುವನ್ನೂ ಚೆಲ್ಲಬಾರದು. ಆ ಪಕ್ಷ ತಂದಿತೆಂದು ಹಾಡುವುದೂ ಬೇಡ, ಈ ಪಕ್ಷ ತೆಗೆಯಿತೆಂದು ಕುಣಿಯುವುದೂ ಬೇಡ. ಕೂಡು-ಓದು ವರ್ಷಗಳ ಲೆಕ್ಕವಲ್ಲ. ಅಧ್ಯಾಪಕರಿದ್ದರೆ, ಪ್ರಶ್ನೆ ನಮ್ಮದಾಗಿದ್ದರೆ, ಮೂರು ವರ್ಷದಲ್ಲಿಯೂ ಆಗುತ್ತದೆ.

ಇಲ್ಲಿ ಎರಡು ಆಕ್ಷೇಪಗಳಿವೆ, ಎರಡೂ ಪ್ರಾಮಾಣಿಕವಾದವು. ಹತ್ತು ಬಾವಿಯನ್ನು ಹತ್ತತ್ತು ಅಡಿ ತೋಡಿದವನಿಗೆ ನೀರು ಸಿಗುವುದಿಲ್ಲ, ಒಂದನ್ನೇ ಆಳಕ್ಕೆ ತೋಡಬೇಕು ಎನ್ನುತ್ತಾರೆ ಹಿರಿಯ ಅಧ್ಯಾಪಕರು. ನಿಜ. ಆದರೆ ಎಲ್ಲಿ ತೋಡಬೇಕೆಂದು ತಿಳಿಯಲು ಮೊದಲು ಹೊಲವನ್ನೆಲ್ಲ ಸುತ್ತಿ ನೋಡಬೇಕಷ್ಟೆ. ಒಂದು ಶಾಸ್ತ್ರ ಗಟ್ಟಿಯಾಗಿ ಕಲಿಯಲಿ; ಅದರ ಕಿಟಕಿ ಮಾತ್ರ ತೆರೆದಿರಲಿ.

ಎರಡನೆಯದು ತಾಯಂದಿರದು: “ಇದನ್ನೆಲ್ಲ ಓದಿದರೆ ಕೆಲಸ ಸಿಗುತ್ತದೆಯೆ ಮೇಷ್ಟ್ರೆ?” ಈ ಪ್ರಶ್ನೆಯನ್ನು ಹಗುರಾಗಿ ಕಾಣುವವನು ಬಡತನ ಕಂಡವನಲ್ಲ. ಓದು ಕೆಲಸವನ್ನು ಸೃಷ್ಟಿಸುವುದಿಲ್ಲ, ಅದಕ್ಕೆ ಬೇರೆ ಹೋರಾಟ ಬೇಕು. ಆದರೆ ಒಂದು ಮಾತು. ನೀರು ಪರೀಕ್ಷೆ ಮಾಡಬಲ್ಲ, ಲೆಕ್ಕ ಇಡಬಲ್ಲ, ಅರ್ಜಿ ಬರೆಯಬಲ್ಲ, ಜನರ ಮುಂದೆ ವಿಷಯ ಹೇಳಬಲ್ಲ ಹುಡುಗಿ, ಮೂರು ಅಕ್ಷರದ ನೋಟ್ಸು ಬಾಯಿಪಾಠ ಮಾಡಿದ ಹುಡುಗಿಗಿಂತ ಕೆಲಸಕ್ಕೆ ಯಾವ ಲೆಕ್ಕದಲ್ಲಿ ಕಡಿಮೆ?

ಈಗ ನಾವು ಕೇಳಬೇಕಾದ್ದನ್ನು ಸ್ಪಷ್ಟವಾಗಿ ಹೇಳುತ್ತೇನೆ.

ಒಂದನೆಯದಾಗಿ, ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿದ್ದು 2009ರಲ್ಲಿ. ನಮ್ಮ ಜಿಲ್ಲೆಯ ಕಾಲೇಜುಗಳು ಅದರ ಅಡಿಯಲ್ಲಿವೆ. ಪದವಿಯ ಪ್ರತಿಯೊಬ್ಬ ವಿದ್ಯಾರ್ಥಿಗೂ, ಬಿ.ಎ. ಆಗಲಿ ಬಿ.ಎಸ್ಸಿ. ಆಗಲಿ ಬಿ.ಕಾಂ. ಆಗಲಿ, ಒಂದು ಸೆಮಿಸ್ಟರಿನ ಮಟ್ಟಿಗೆ ಒಂದು ಊರಿನ ಒಂದು ಪ್ರಶ್ನೆಯನ್ನು ಕೂಡಿ ಓದುವ ಪತ್ರಿಕೆ ಅದು ಇಡಲಿ. ಮೂರು ವಿಭಾಗದ ಹುಡುಗರು ಒಂದೇ ತಂಡದಲ್ಲಿರಲಿ. ಅಂಕ ಅದಕ್ಕೂ ಇರಲಿ. ಅಂಕವಿಲ್ಲದ ಪಾಠವನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ.

ಎರಡನೆಯದಾಗಿ, ಸರ್ಕಾರ ಖಾಯಂ ಅಧ್ಯಾಪಕರನ್ನು ಕೊಡಲಿ. ನಾಳೆ ಇರುತ್ತೇನೋ ಇಲ್ಲವೋ ಎಂದು ತಿಳಿಯದ ಅತಿಥಿ ಉಪನ್ಯಾಸಕ ಪಕ್ಕದ ವಿಭಾಗದವರ ಜೊತೆ ಕುಳಿತು ಹೊಸ ಪಾಠ ಕಟ್ಟುತ್ತಾನೆಂದು ನಿರೀಕ್ಷಿಸುವುದು ನಾಚಿಕೆಗೇಡು.

ಮೂರನೆಯದಾಗಿ, ಕುದಾಪುರದ ಆವರಣದಲ್ಲಿ ವಿಜ್ಞಾನ ಸಂಸ್ಥೆ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ, ಇದು ಸ್ವಾಗತಾರ್ಹ. ಅದೇ ಬಾಗಿಲನ್ನು ಇನ್ನಷ್ಟು ತೆರೆದು, ಚಳ್ಳಕೆರೆ, ಮೊಳಕಾಲ್ಮುರಿನ ಪದವಿ ವಿದ್ಯಾರ್ಥಿಗಳು ತಮ್ಮೂರಿನ ನೀರು, ಮಣ್ಣು ತಂದು ಪರೀಕ್ಷಿಸುವುದಕ್ಕೆ ಪ್ರಯೋಗಶಾಲೆಯಲ್ಲಿ ಒಂದು ಮೇಜು ಕೊಡಲಿ. ನೆಲ ಕೊಟ್ಟವರ ಮಕ್ಕಳಿಗೆ ಒಂದು ಮೇಜು ಹೆಚ್ಚಾಯಿತೆ?

ನಾಲ್ಕನೆಯದಾಗಿ, ಪಾಠ ಹೇಳುವವರು ಪದವೀಧರರೇ ಆಗಬೇಕಿಲ್ಲ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದವರು. ಅವರ ಬಾಯಲ್ಲಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡು ಪುಸ್ತಕ ಮಾಡಿದರು, ವಿದ್ವಾಂಸರು ಓದಿದರು. ಹಾಗೆಯೇ ನಮ್ಮ ದೇವರ ಎತ್ತುಗಳನ್ನು ಕಾಯುವ ಕಿಲಾರಿಗೆ ಹುಲ್ಲಿನ ಶಾಸ್ತ್ರ ಗೊತ್ತು, ರೋಗದ ಶಾಸ್ತ್ರ ಗೊತ್ತು, ಮಳೆಯ ಚಿಹ್ನೆ ಗೊತ್ತು. ಅವನ ತಲೆಯಲ್ಲಿ ಆ ಶಾಸ್ತ್ರಗಳು ಎಂದೂ ಬೇರೆಬೇರೆ ಚೀಲಗಳಲ್ಲಿರಲಿಲ್ಲ. ಅವನನ್ನು ತರಗತಿಗೆ ಕರೆಯಿರಿ, ಗೌರವಧನ ಕೊಡಿ. ಅವನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಪರೀಕ್ಷಿಸಿ ನೋಡಿ. ಪರೀಕ್ಷಿಸುವುದೂ ಗೌರವವೇ.

ತಮ್ಮಂದಿರೆ, ತಂಗಿಯರೆ, ಸರ್ಕಾರ ಕೊಡುವ ತನಕ ಕೈಕಟ್ಟಿ ಕೂರಬೇಡಿ. ಈ ಸಭೆಯಲ್ಲಿ ಕಾಲೇಜಿಗೆ ಹೋಗುವವರು ಹಲವರಿದ್ದೀರಿ. ಒಂದು ನೋಟ್‌ಬುಕ್ ತನ್ನಿ. ಊರಿನ ಬೋರ್‌ವೆಲ್‌ಗಳನ್ನು ಒಂದೊಂದಾಗಿ ಬರೆಯಿರಿ: ಯಾವಾಗ ಕೊರೆದದ್ದು, ಎಷ್ಟು ಅಡಿ, ಎಷ್ಟು ಸಾಲ, ಈಗ ನೀರಿದೆಯೆ, ಆ ನೀರನ್ನು ಯಾರು ಕುಡಿಯುತ್ತಾರೆ. ವಿಜ್ಞಾನ ಓದುವವನು ನೀರಿನ ಮಾದರಿ ತುಂಬಲಿ. ವಾಣಿಜ್ಯ ಓದುವವಳು ಸಾಲದ ಪಟ್ಟಿ ಮಾಡಲಿ. ಕಲಾ ವಿಭಾಗದವನು ಹಿರಿಯರ ಮಾತು ಬರೆದುಕೊಳ್ಳಲಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿ. ಅಂದು ನಿಮ್ಮ ಪದವಿ ಆರಂಭವಾಯಿತೆಂದು ತಿಳಿಯಿರಿ.

ಆ ಹುಡುಗನ ಮಾತಿನಿಂದಲೇ ಮುಗಿಸುತ್ತೇನೆ. ಕೆಲವು ತಿಂಗಳ ಹಿಂದೆ ಅವನನ್ನು ಹುಡುಕಿಕೊಂಡು ಹೋದೆ. ಈಗ ಗಂಡಸಾಗಿದ್ದಾನೆ, ಕುರಿ ಸಾಕಿದ್ದಾನೆ. “ಅಂದು ನೀನು ಹೇಳಿದ್ದು ನಿಜ, ತಪ್ಪು ನನ್ನದು” ಎಂದೆ. ಅವನಿಗೆ ನೆನಪಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗ್ಲಿ ಬಿಡಿ ಸಾ. ನನ್ ಮಗೀಗೆ ಈಗ ಮೂರು ವರ್ಷ. ಅದುಕ್ಕೆ ಯಾವ ನೀರು ಕುಡಿಸ್ಬೇಕು, ಅದು ಹೇಳ್ರಿ” ಎಂದ.

ಮಿತ್ರರೆ, ವಿಶ್ವವಿದ್ಯಾಲಯಕ್ಕೆ ನಾವು ಹಾಕುವ ಪ್ರಶ್ನೆಪತ್ರಿಕೆ ಇದು. ಇದರಲ್ಲಿ ಒಂದೇ ಪ್ರಶ್ನೆಯಿದೆ. ಉತ್ತರ ಬರೆಯಲು ಎಲ್ಲ ಶಾಸ್ತ್ರಗಳೂ ಒಟ್ಟಿಗೆ ಕೂರಬೇಕು.